ಕಾಲುವೆಯ ನಾಡಿನ ಒಂದು ದಶಕ

ಅಮೆರಿಕದ ಇತಿಹಾಸವನ್ನು ಬರೆಯುವವರು 1960ರ ದಶಕಕ್ಕೆ ಬಂದ ಕೂಡಲೆ ಲೇಖನಿಯನ್ನು ಸ್ವಲ್ಪ ನಿಧಾನ ಮಾಡುತ್ತಾರೆ. 1963ರ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯವರ ಕೊಲೆ. 1968ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗರ ಕೊಲೆ. ಇವೆರಡರ ನಡುವೆ, 1964 ಮತ್ತು 1965ರಲ್ಲಿ, ಕಪ್ಪುಜನರ ನಾಗರಿಕ ಹಕ್ಕನ್ನೂ ಮತದ ಹಕ್ಕನ್ನೂ ಭದ್ರಪಡಿಸಿದ ಎರಡು ದೊಡ್ಡ ಕಾನೂನುಗಳು. ರಕ್ತವೂ ಸುಧಾರಣೆಯೂ ಒಂದೇ ಬಾಗಿಲಿನಿಂದ ಒಳಗೆ ಬಂದ ಕಾಲವದು. ಅದೇ ದಶಕದ ತುದಿಯಲ್ಲಿ, 1969ರಲ್ಲಿ, ಅಮೆರಿಕದ ಹಳ್ಳಿಗಳಲ್ಲಿದ್ದ ಸಂಘಗಳ ಮಾದರಿಯ ಮೇಲೆ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಹುಟ್ಟಿಕೊಂಡಿತು. ಆ ದೇಶವು ನಮಗೆ ತೀರ ದೂರದ್ದೆಂದು ಹೇಳುವಂತಿಲ್ಲ. ಆದರೆ ಈ ಸಲ ನಾನು ನಿಮ್ಮೆದುರು ಇಡಬೇಕೆಂದಿರುವುದು ನಮ್ಮದೇ ಒಂದು ದಶಕವನ್ನು, 1980ರಲ್ಲಿ ಮೊದಲಾದುದನ್ನು.

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಕುಳಿತು ಇದನ್ನು ಓದುವವರು, “ಆ ಗೋಳೀಬಾರು ನಡೆದದ್ದು ನವಲಗುಂದ, ನರಗುಂದಗಳಲ್ಲಲ್ಲವೆ? ನಮಗೇನು ಸಂಬಂಧ?” ಎಂದು ಕೇಳಬಹುದು. ಸಂಬಂಧವಿದೆ. ಅದು ನೀರಿನ ಸಂಬಂಧ.

ಘಟಪ್ರಭೆ, ಮಲಪ್ರಭೆ ಎರಡೂ ಕೃಷ್ಣೆಯನ್ನು ಸೇರುವ ಅಕ್ಕತಂಗಿಯರು. ಅಕ್ಕನ ನೀರನ್ನು ಕಾಲುವೆಗೆ ತಿರುಗಿಸುವ ಕೆಲಸ ಬಹಳ ಹಿಂದೆಯೇ ನಡೆಯಿತು. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ 1897ರಲ್ಲಿಯೇ ಒಡ್ಡು ನಿಂತಿತು. ಅಲ್ಲಿಂದ ಹೊರಟ ಎಡದಂಡೆಯ ಕಾಲುವೆ ಮೂಡಲಗಿಯ ಕಡೆಯ ಹೊಲಗಳಿಗೆ ನೀರುಣಿಸಿತು. ಮುಂದೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟು ಎದ್ದಿತು; ಅದರ ಹೊಟ್ಟೆಯಲ್ಲಿ 51 ಟಿ.ಎಂ.ಸಿ. ನೀರು ಹಿಡಿಯುತ್ತದೆ. ತಂಗಿಗೆ ಕಟ್ಟೆ ಬಿದ್ದದ್ದು ಸವದತ್ತಿಯ ಹತ್ತಿರದ ನವಿಲುತೀರ್ಥದಲ್ಲಿ. 1970ರ ದಶಕದಲ್ಲಿ ಅದರ ಕಾಲುವೆಗಳು ನವಲಗುಂದ, ನರಗುಂದಗಳ ಎರೆಹೊಲಗಳತ್ತ ಹರಿದವು. ಎರಡೂ ಯೋಜನೆಗಳ ಅಚ್ಚುಕಟ್ಟು ಪ್ರದೇಶಕ್ಕೆ ಒಂದೇ ಪ್ರಾಧಿಕಾರ, ಅದರ ಕಚೇರಿ ಬೆಳಗಾವಿಯಲ್ಲಿ. ಎರಡಕ್ಕೂ ಅನ್ವಯಿಸುವ ಕಾನೂನೂ ಒಂದೇ, 1957ರದು.

ಆ ಕಾನೂನಿನ ತರ್ಕ ಕೇಳುವುದಕ್ಕೆ ಸರಳ. ಸರಕಾರ ಕಟ್ಟೆ ಕಟ್ಟಿತು, ಒಣಹೊಲ ನೀರಾವರಿಯಾಯಿತು, ಹೊಲದ ಬೆಲೆ ಏರಿತು. ಏರಿದ ಬೆಲೆಯಲ್ಲಿ ಒಂದು ಪಾಲನ್ನು ಹೊಲದ ಒಡೆಯನು ಸರಕಾರಕ್ಕೆ ಕೊಡಬೇಕು. ಇದೇ ಅಭಿವೃದ್ಧಿ ಕರ. ನೀರಿನ ಕರ ಬೇರೆ. ಕಾಗದದ ಮೇಲೆ ಇದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಆದರೆ ಕಾಗದದ ಮೇಲಿನ ಕಾಲುವೆ ಒಂದು, ನೆಲದ ಮೇಲಿನ ಕಾಲುವೆ ಇನ್ನೊಂದು. ಕಾಲುವೆಯ ಬಾಯಿಯಲ್ಲಿದ್ದವನಿಗೆ ನೀರು ಹೆಚ್ಚಾಯಿತು, ಬಾಲದಲ್ಲಿದ್ದವನಿಗೆ ಬರಲೇ ಇಲ್ಲ. ಕರದ ಚೀಟಿ ಮಾತ್ರ ಇಬ್ಬರ ಮನೆಗೂ ಬಂದಿತು. ನೀರು ಹಿಡಿದಿಟ್ಟುಕೊಳ್ಳುವ ಎರೆಭೂಮಿಗೆ ಕಾಲುವೆಯ ನೀರು ಎಷ್ಟು ಬೇಕು, ಎಷ್ಟು ಬೇಡ ಎಂಬುದನ್ನು ಅಲ್ಲಿಯ ಹಿರಿಯರನ್ನು ಯಾರೂ ಕೇಳಲಿಲ್ಲ.

ಇದರ ಮೇಲೆ ಹತ್ತಿಯ ಕತೆ. ಧಾರವಾಡದಲ್ಲಿ ಡಾ. ಕಟರಕಿಯವರು 1972ರಲ್ಲಿ ಸಿದ್ಧಪಡಿಸಿದ ವರಲಕ್ಷ್ಮಿ ಎಂಬ ಸಂಕರ ತಳಿ ಮಲಪ್ರಭೆಯ ಒಕ್ಕಲುಗಳಿಗೆ ಕೆಲವು ವರ್ಷ ಕೈತುಂಬ ಹಣ ತಂದಿತು. ಆ ಹಣದ ಭರವಸೆಯ ಮೇಲೆ ಜನ ಬೀಜ, ಗೊಬ್ಬರ, ಔಷಧಿಗಳಿಗೆ ಸಾಲ ಎತ್ತಿದರು. ದಶಕ ಮುಗಿಯುವ ಹೊತ್ತಿಗೆ ಹತ್ತಿಯ ಬೆಲೆ ಕುಸಿಯಿತು. ಸಾಲ ಕುಸಿಯಲಿಲ್ಲ. ವಸೂಲಿಗೆ ಬಂದವರು ಅದೇ ಹೊತ್ತಿಗೆ ಬಂದರು.

ಘಟಪ್ರಭೆಯ ದಂಡೆಯ ಮೇಲೆ ಸಿಡಿಯದ ಬೆಂಕಿ ಮಲಪ್ರಭೆಯ ದಂಡೆಯ ಮೇಲೆ ಏಕೆ ಸಿಡಿಯಿತೆಂಬುದಕ್ಕೆ ನನಗೆ ತೋಚುವ ಕಾರಣವಿಷ್ಟು: ಮೂಡಲಗಿಯವರು ಅಜ್ಜನ ಕಾಲದಿಂದ ಕಾಲುವೆಯೊಡನೆ ಬಾಳಿದವರು, ಅದರ ಸ್ವಭಾವವನ್ನು ಬಲ್ಲವರು. ನವಲಗುಂದದವರಿಗೆ ಕಾಲುವೆಯೂ ಹೊಸದು, ಅದರ ಲೆಕ್ಕವೂ ಹೊಸದು.

1980ರ ಬೇಸಗೆಯಿಂದಲೇ ಮಲಪ್ರಭೆಯ ರೈತರು ಸಂಘ ಕಟ್ಟಿಕೊಂಡು ಮನವಿ ಕೊಡುತ್ತಿದ್ದರು. ಮನವಿಗೆ ಕಿವಿಗೊಡುವವರು ಸಿಗಲಿಲ್ಲ. ಜುಲೈ ತಿಂಗಳಲ್ಲಿ ಅವರು ಮಾಮಲೇದಾರರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ಕುಳಿತರು. 21ನೆಯ ತಾರೀಖು ಸೋಮವಾರ, ಬಂದ್. ಸುತ್ತಣ ಹಳ್ಳಿಗಳಿಂದ ಸಾವಿರಾರು ಜನ ಬಂದರು. ಆ ದಿನ ಪೊಲೀಸರ ಗುಂಡಿಗೆ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ನರಗುಂದದಲ್ಲಿ ಕೆರಳಿದ ಗುಂಪಿನ ಕೈಗೆ ಸಿಕ್ಕು ಪೊಲೀಸರೂ ಸತ್ತರು. ಇದನ್ನೂ ಹೇಳಲೇಬೇಕು. ಸತ್ತ ರೈತರಿಗೆ ವೀರಗಲ್ಲು ನೆಟ್ಟು ವರುಷವರುಷವೂ ಮಾಲೆ ಹಾಕುವ ನಾವು ಸತ್ತ ಪೊಲೀಸರ ಮನೆಮಂದಿಯನ್ನು ನೆನೆಯುವುದು ಕಡಿಮೆ. 1858ರಲ್ಲಿ ಬಾಬಾಸಾಹೇಬನ ಬಂಡಾಯವನ್ನು ಕಂಡ ಊರು ನರಗುಂದ. 1980ರದಕ್ಕೂ ಜನ ‘ಬಂಡಾಯ’ ಎಂಬ ಅದೇ ಹೆಸರನ್ನಿಟ್ಟರು.

ಕಿಚ್ಚು ಅಲ್ಲಿಗೆ ನಿಲ್ಲಲಿಲ್ಲ. ರಾಜ್ಯದ ಬೇರೆ ಬೇರೆ ಊರುಗಳಲ್ಲಿ ಗೋಳೀಬಾರಾಗಿ ಸತ್ತವರ ಸಂಖ್ಯೆ ಏರುತ್ತ ಹೋಯಿತು. ಗುಂಡೂರಾಯರ ಸರಕಾರ ಅಭಿವೃದ್ಧಿ ಕರದ ವಸೂಲಿಯನ್ನು ತಡೆಹಿಡಿಯಬೇಕಾಯಿತು. 1981ರ ಆರಂಭದಲ್ಲಿ ನರಗುಂದದಿಂದ ಬೆಂಗಳೂರಿಗೆ ಜನ ನಡೆದುಕೊಂಡು ಹೋದರು.

ಇಲ್ಲಿಂದ ಮುಂದಿನದು ಬದಲಾವಣೆಯ ಕತೆ. ಅದೇ 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಅದರ ಮುಂದಾಳುಗಳು. ಹಳ್ಳಿಯ ಅಗಸೆಯಲ್ಲಿ ಹಲಗೆಗಳು ಎದ್ದವು: ಅಧಿಕಾರಿಗಳು ಅಪ್ಪಣೆಯಿಲ್ಲದೆ ಊರೊಳಗೆ ಬರಕೂಡದು. ಸಾಲಕ್ಕಾಗಿ ಜಪ್ತಿ ಮಾಡಿ ಒಯ್ದ ಸಾಮಾನುಗಳನ್ನು ಸಂಘದವರು ಗುಂಪಾಗಿ ಹೋಗಿ ಹಿಂದಕ್ಕೆ ತಂದರು. ಅದಕ್ಕೆ ‘ಮರುಜಪ್ತಿ’ ಎಂದು ಹೆಸರಾಯಿತು. ಕಾನೂನಿನ ಕಣ್ಣಿನಲ್ಲಿ ಇದೆಲ್ಲ ಒಪ್ಪತಕ್ಕದ್ದೆಂದು ನಾನು ಹೇಳಲಾರೆ. ಆದರೆ ಕಚೇರಿಯ ಕಟ್ಟೆಯ ಕೆಳಗೆ ರುಮಾಲು ತೆಗೆದು ನಿಲ್ಲುತ್ತಿದ್ದವನಿಗೆ ಕುರ್ಚಿ ಸಿಕ್ಕಿದ್ದು ಈ ವರ್ಷಗಳಲ್ಲಿಯೇ. 1989ರಲ್ಲಿ ನಮ್ಮ ಜಿಲ್ಲೆಯ ಕಿತ್ತೂರಿನಿಂದ ರೈತ ಸಂಘದ ಬಾಬಾಗೌಡ ಪಾಟೀಲರು ವಿಧಾನಸಭೆಗೆ ಆರಿಸಿ ಹೋದರು.

ಗೋಕಾಕದವರು ಮರೆಯಲಾರದ ಮಾತೊಂದುಂಟು. ಗುಂಡು ಹಾರಿದ ಅದೇ 1980ರ ಜುಲೈಯಲ್ಲಿ ಸರಕಾರವು ಶಾಲೆಗಳ ಭಾಷೆಯನ್ನು ಕುರಿತು ಡಾ. ವಿ.ಕೃ. ಗೋಕಾಕರ ಸಮಿತಿಯನ್ನು ನೇಮಿಸಿತು. 1981ರ ಜನವರಿಯಲ್ಲಿ ವರದಿ ಬಂದಿತು, 1982ರಲ್ಲಿ ಡಾ. ರಾಜಕುಮಾರರೂ ಬೀದಿಗಿಳಿದರು. ‘ಗೋಕಾಕ ಚಳವಳಿ’ ಎಂದರೆ ನಿಮ್ಮ ಊರಿನಲ್ಲಿ ನಡೆದ ಚಳವಳಿಯೆಂದು ದಕ್ಷಿಣದ ಹುಡುಗರು ತಿಳಿದುಕೊಂಡರೆ ನಗಬೇಡಿ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಊರಿನ ಹೆಸರು ಅವರ ಮನೆತನಕ್ಕೆ ಅಂಟಿಕೊಂಡದ್ದು, ಅಷ್ಟೆ. ಹೊಲದ ಸಿಟ್ಟೂ ನುಡಿಯ ಸಿಟ್ಟೂ ಕೂಡಿ 1983ರ ಜನವರಿಯಲ್ಲಿ ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರಕಾರವನ್ನು ತಂದವು. ರಾಮಕೃಷ್ಣ ಹೆಗಡೆಯವರ ಆ ಸರಕಾರದ ಪಂಚಾಯತಿ ಕಾನೂನಿನಂತೆ 1987ರಲ್ಲಿ ಚುನಾವಣೆ ನಡೆದು, ನೂರಕ್ಕೆ ಇಪ್ಪತ್ತೈದು ಸ್ಥಾನಗಳಲ್ಲಿ ಹೆಣ್ಣುಮಕ್ಕಳು ಬಂದು ಕುಳಿತರು.

ಈ ಲೆಕ್ಕದಲ್ಲಿ ಎಲ್ಲಿಯೂ ಸೇರದವರೂ ಇದ್ದಾರೆ. ಹಿಡಕಲ್ಲಿನ ನೀರು ಏರಿದಾಗ ಊರು ಬಿಟ್ಟವರು ಅವರು. ಹುಕ್ಕೇರಿ ತಾಲ್ಲೂಕಿನ ಹುನ್ನೂರಿನ ವಿಠ್ಠಲ ದೇವರ ಗುಡಿ ವರುಷದ ಬಹುಭಾಗ ಹಿನ್ನೀರಿನಲ್ಲಿ ಮುಳುಗಿರುತ್ತದೆ. ಬೇಸಗೆಯಲ್ಲಿ ನೀರಿಳಿದಾಗ ಮೈದೋರುತ್ತದೆ. ಜನ ಹೋಗಿ ಕೈಮುಗಿದು ಬರುತ್ತಾರೆ. ಹೊಲ ನೀರಾವರಿಯಾದವನಿಗೆ ಕರದ ಚೀಟಿ ಬಂದಿತು, ಅವನು ಸಿಟ್ಟಾದನು. ಹೊಲವೇ ನೀರಾದವನು ಯಾವ ಚೀಟಿಯನ್ನು ಹಿಡಿದು ಸಿಟ್ಟಾಗಬೇಕು?

2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ಹಗಲಿರುಳು ರಸ್ತೆಯ ಮೇಲೆ ಕುಳಿತದ್ದನ್ನು ನೀವು ಬಲ್ಲಿರಿ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ಟೋಲ್ ನಾಕೆಯ ಬಳಿ ಕಲ್ಲುಗಳು ಹಾರಿದವು, ಗುಂಡು ಹಾರಲಿಲ್ಲ. ಮುಖ್ಯಮಂತ್ರಿಗಳು ಕಾರ್ಖಾನೆಯವರನ್ನು ಕರೆಸಿ ಮಾತನಾಡಿದ ಮೇಲೆ ದರ 3,300ಕ್ಕೆ ನಿಂತಿತು. ಗುರ್ಲಾಪುರದ ಆ ಚಪ್ಪರದಲ್ಲಿ ಹೆಗಲಿಗೆ ಹಸಿರು ಟವಲು ಹಾಕಿಕೊಂಡು ಕುಳಿತ ಎಷ್ಟೋ ಹುಡುಗರು 1980ರ ಆ ಸೋಮವಾರ ಇನ್ನೂ ಹುಟ್ಟಿರಲಿಲ್ಲ.