ಕುದುರೆ, ಕಾಳುಮೆಣಸು, ಕೊಳ
ಕುದುರೆ ಸವಾರಿ, ಕಾಫಿ ತೋಟ, ಸ್ಪಾ: ಮಲೆನಾಡಿನ ಒಂದು ದಿನದ ಪ್ರವಾಸ ಈಗ ಹೀಗಿರುತ್ತದೆ. ಕೆಳದಿ ಅರಸರ ಕಾಲದಲ್ಲೂ ಈ ಮೂರೂ ಇದ್ದವು. ಕಾಫಿಯ ಜಾಗದಲ್ಲಿ ಕಾಳುಮೆಣಸು ಇತ್ತು, ಅಷ್ಟೇ.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಸಾಗರದ ಬಳಿಯ ಇಕ್ಕೇರಿಗೆ ಬಂದ. ಆಗ ರಾಜಧಾನಿ ಅದೇ. ಮಾತುಕತೆಯಲ್ಲಿ ಮೆಣಸಿನ ವ್ಯವಹಾರವೂ ಇತ್ತು. ಮೆಣಸು ಘಟ್ಟ ಇಳಿಯುತ್ತಿತ್ತು, ಕಡಲಾಚೆಯ ಕುದುರೆ ಘಟ್ಟ ಹತ್ತುತ್ತಿತ್ತು. ಹೊಸನಗರ ತಾಲ್ಲೂಕಿನ ನಗರದ ಬಳಿ, ದೇವಗಂಗೆಯ ಕಲ್ಲುಕೊಳಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ತೀರ್ಥಹಳ್ಳಿಯ ಕವಲೇದುರ್ಗದಲ್ಲಿ ಅರಮನೆಯ ತಳಪಾಯ ಉಳಿದಿದೆ.

ಆಳಿದವರ ಹೆಸರು ನಮಗೆ ಗೊತ್ತು. ಮೆಣಸು ಕೊಯ್ದವರ, ಕುದುರೆ ಮೇಯಿಸಿದವರ, ಕೊಳದ ಕಲ್ಲು ಕಡಿದವರ ಹೆಸರು ನನ್ನ ಓದಿನಲ್ಲಿ ಇನ್ನೂ ಸಿಕ್ಕಿಲ್ಲ. ಪ್ರವಾಸ ಹೋದವರು ತೋಟದಲ್ಲಿ ಹಣ್ಣು ಕೊಯ್ಯುವವರ ಹೆಸರನ್ನಾದರೂ ಕೇಳಿ ಬನ್ನಿ.