ಕೌದಿಯ ಒಳಪದರ

ಭೋಸರಿ ಅಂದರೆ ನಮ್ಮ ಕಡೆಯವರಿಗೆ ಎಂಐಡಿಸಿ, ಶಿಫ್ಟ್ ಡ್ಯೂಟಿ, ಪುಣೆ–ನಾಸಿಕ್ ರಸ್ತೆಯ ಟ್ರಾಫಿಕ್ಕು. ಇಲ್ಲಿ ಕಲೆಯ ಮಾತೆತ್ತಿದರೆ ನಗುತ್ತಾರೆ. ನಾನೂ ರಜೆಯ ದಿನ ಚಿತ್ರಕಲೆಯ ಪುಸ್ತಕ ತಿರುವಿಹಾಕುವ ಹವ್ಯಾಸವನ್ನು ಯಾರ ಮುಂದೆಯೂ ಹೇಳಿಕೊಂಡವನಲ್ಲ. ಆದರೆ ಆ ಪುಸ್ತಕಗಳ ಜೊತೆ ಜಗಳ ಶುರುವಾದದ್ದು ಇಲ್ಲಿಯೇ, ಒಂದು ಕೌದಿಯಿಂದ.

ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಶುರುವಾಯಿತು. 1962ರಲ್ಲಿ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದ ಮೇಲೆ ಈ ಕಡೆಯ ಹೊಲಗಳೆಲ್ಲ ಒಂದೊಂದಾಗಿ ಶೆಡ್ಡುಗಳಾದವು. 1972ರ ಬರಗಾಲದ ಹೊತ್ತಿಗೆ ವಿಜಾಪುರ, ಕಲಬುರ್ಗಿ ಕಡೆಯಿಂದ ಜನ ಸೊಲ್ಲಾಪುರದ ಹಾದಿ ಹಿಡಿದು ಪುಣೆಗೆ ಬಂದರು. ತಲೆಯ ಮೇಲೆ ರೊಟ್ಟಿ ಗಂಟು, ಕಂಕುಳಲ್ಲಿ ಕೌದಿ ಸುರುಳಿ. ಮರಾಠಿಯವರು ಅದನ್ನೇ ಗೋಧಡಿ ಅಂತಾರೆ, ಕೆಲವು ಕಡೆ ವಾಕಳ.

ಕೌದಿ ಕಂಡಿರದ ದಕ್ಷಿಣದ ಓದುಗರಿಗೆ ಒಂದು ಮಾತು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ಸಾಲುಸಾಲು ಕೈಹೊಲಿಗೆಯಿಂದ ಎಲ್ಲವನ್ನೂ ಹಿಡಿದು ನಿಲ್ಲಿಸಿದರೆ ಕೌದಿ. ಹತ್ತಿ ತುಂಬುವುದಿಲ್ಲ. ಉಟ್ಟು ಒಗೆದು ಸವೆದ ಬಟ್ಟೆಯೇ ಅದರ ಮೆತ್ತಗಿನ ಗುಟ್ಟು.

ನಮ್ಮ ಪಕ್ಕದ ಚಾಳಿನ ಆಯಿ ಇಂಡಿ ತಾಲ್ಲೂಕಿನವರು, ಬರಗಾಲದಲ್ಲಿ ಗಂಡನ ಜೊತೆ ಬಂದವರು. ಅವರ ಕೌದಿಯ ನಡುವೆ ತಾಯಿಯ ಇಳಕಲ್ ಸೀರೆಯ ಕೆಂಪು ಸೆರಗಿದೆ. (ಆ ಸೀರೆಯಲ್ಲೂ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುತ್ತಾರೆ; ಹುಟ್ಟಿನಿಂದಲೇ ಜೋಡಣೆಯ ಬಟ್ಟೆ ಅದು.) ಸುತ್ತ ಗುಳೇದಗುಡ್ಡದ ಖಣ, ಮಗನ ಶಾಲೆಯ ಚಡ್ಡಿ, ಗಂಡನ ಖಾಕಿ. ಒಂದು ಮೂಲೆಗೆ ಗಿಳಿಹಸಿರು ಗೆರೆಯ ಅಂಗಿ. ಅದೇ ಅಂಗಿ ತೊಟ್ಟು ಗಂಡ ಸ್ಟುಡಿಯೋದಲ್ಲಿ ತೆಗೆಸಿಕೊಂಡ ಕಪ್ಪು-ಬಿಳುಪು ಫೋಟೋ ಗೋಡೆಯ ಮೇಲಿದೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಮುಖ ಫೋಟೋದಲ್ಲಿದೆ, ಬಣ್ಣ ಕೌದಿಯಲ್ಲಿದೆ.

ಬಟ್ಟೆ, ಕೊಲಾಜ್, ಫೋಟೋ ಮೂರನ್ನೂ ಬೆರೆಸಿ ಕೆಲಸ ಮಾಡುವವರನ್ನು ಈಗ ಮಿಕ್ಸೆಡ್ ಮೀಡಿಯಾ ಕಲಾವಿದರು ಅನ್ನುತ್ತಾರೆ. ಪುಸ್ತಕಗಳು ಈ ಕಥೆಯನ್ನು ಸಾಮಾನ್ಯವಾಗಿ 1912ರಿಂದ ಶುರುಮಾಡುತ್ತವೆ. ಆ ವರ್ಷ ಪಿಕಾಸೊ ಪ್ಯಾರಿಸ್‌ನಲ್ಲಿ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯ ತುಂಡನ್ನು ಚಿತ್ರಕ್ಕೆ ಅಂಟಿಸಿ, ಅಂಚಿಗೆ ಹಗ್ಗ ಸುತ್ತಿದ. ಸರಿ. ಆದರೆ 1911ರಲ್ಲೇ, ಅದೇ ಊರಲ್ಲಿ, ಸೋನಿಯಾ ಡೆಲೋನೆ ಎಂಬಾಕೆ ಆಗಷ್ಟೇ ಹುಟ್ಟಿದ ಮಗನಿಗೆ ಬಟ್ಟೆಯ ತುಂಡುಗಳ ಹೊದಿಕೆ ಹೊಲಿದಿದ್ದಳು. ಉಕ್ರೇನಿನಲ್ಲಿ ಹುಟ್ಟಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬೆಳೆದು, ಪ್ಯಾರಿಸ್ ಸೇರಿದವಳು. ತನ್ನ ದೇಶದ ರೈತರ ಮನೆಗಳಲ್ಲಿ ಕಂಡಿದ್ದಂಥದ್ದನ್ನೇ ಹೊಲಿದೆ ಎಂದು ಆಕೆಯೇ ಹೇಳಿಕೊಂಡಿದ್ದಾಳೆ. ಊರು ಬಿಟ್ಟ ಹೆಣ್ಣುಮಗಳೊಬ್ಬಳ ಕೌದಿ ಅನ್ನದೆ ಅದನ್ನು ಇನ್ನೇನನ್ನಬೇಕು? ಈಗ ಅದು ಪ್ಯಾರಿಸ್ಸಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಆಕೆ ಚಿತ್ರಕಾರಳೂ ಆಗಿದ್ದಳು, ಹೆಸರು ಉಳಿಯಿತು. ಆಕೆ ನೋಡಿ ಕಲಿತ ರೈತ ಹೆಂಗಸರ ಹೆಸರು ಯಾವ ಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮಲ್ಲಿ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳಿಗೆ ಸ್ವಲ್ಪ ನ್ಯಾಯ ಸಿಕ್ಕಿತು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ ಅವರದು. ಮೂಲೆಗಳಿಗೆ ಮಡಿಚಿದ ಬಟ್ಟೆಯ ಹೂವು ಇಡದಿದ್ದರೆ ಕೆಲಸ ಮುಗಿದ ಹಾಗಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ 2004ರಿಂದ ಅವರ ಜೊತೆ ಕೆಲಸ ಮಾಡಿದರು. 2011ರಲ್ಲಿ ಆ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು.

ಭೋಸರಿಗೆ ಅಂಥ ಯಾರೂ ಬಂದಿಲ್ಲ. ಆಯಿಯ ಸೊಸೆ ಒಳ್ಳೆಯವಳೇ. ಆದರೆ ಒಂದೂವರೆ ಖೋಲಿಯ ಮನೆ, ಕೌದಿ ಒಗೆದರೆ ಒಣಗಿಸಲು ಜಾಗವಿಲ್ಲ. ಬ್ಲಾಂಕೆಟ್ ತಂದಾಗಿದೆ. ಕೌದಿ ಮಾಳಿಗೆಗೆ ಹೋಗುವ ಮೊದಲು ನಾನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಆಯಿ ನೋಡಿ ನಕ್ಕರು: "ಮ್ಯಾಲಿಂದಷ್ಟ ತಗದಿ ತಮ್ಮಾ. ಒಳಗ ಏನೈತಿ ಅಂತ ಹೊಲದಾಕಿಗೇ ಗೊತ್ತು."

ಹಾಗಾಗಿ ಎರಡು ಭಾನುವಾರ ಕೂತು ಅವರ ಬಾಯಿಂದ ಕೇಳಿ ಬರೆದುಕೊಂಡೆ. ತಳದಲ್ಲಿ ಅಪ್ಪನ ಧೋತರ. ಅದರ ಮೇಲೆ, ಬರಗಾಲದಲ್ಲಿ ಊರು ಬಿಟ್ಟಾಗ ಉಟ್ಟಿದ್ದ ಹಸಿರು ಸೀರೆ. ರಸ್ತೆ ಕೆಲಸದಲ್ಲಿ ಡಾಂಬರು ಹತ್ತಿದ ಭಾಗ ಕತ್ತರಿಸಿ ತೆಗೆದದ್ದು. ಮೂರನೆಯ ಪದರಕ್ಕೆ "ಅದು ಇರಲಿ ಬಿಡು" ಅಂದರು, ಮತ್ತೆ ಕೇಳಲಿಲ್ಲ. ನಾಲ್ಕನೆಯದು ಎರಡು ಹಳೆಯ ಲುಂಗಿ. ಐದನೆಯದು ಭೋಸರಿಯ ಸಂತೆಯಲ್ಲಿ ಮೊದಲ ಸಲ ಸ್ವಂತ ದುಡ್ಡಿನಿಂದ ಕೊಂಡ ಸೀರೆ. "ನೀಲಿ, ಬಿಳಿ ಹೂವಿಂದು. ಹನ್ನೆರಡು ವರ್ಷ ಉಟ್ಟೀನಿ."