ಚಕ್ರದ ಮೀಟರಿಂದ ಸ್ಮಾರ್ಟ್ ಮೀಟರ್ ತನಕ: ಓದೋರು ಯಾರು?

ಹೋದ ವಾರ ಬದಾಮಿಯಿಂದ ನಮ್ಮ ಅಕ್ಕನ ಮಗಳು ಫೋನ್ ಮಾಡಿದ್ಲು. "ಚಿಗವ್ವಾ, ಹೊಸಾ ಮನಿಗೆ ಸ್ಮಾರ್ಟ್ ಮೀಟರ್ ಬರತೈತಂತ. ಅದು ಚಲೋದೋ ಕೆಟ್ಟದ್ದೋ?" ಅಂದ್ಲು. ಹುನಗುಂದದ ನಮ್ಮ ವೈನ್ಯಾರೂ ಹಿಂದ ಇದನ್ನಽ ಕೇಳಿದ್ರು. ಒಂದು ಮಾತಿನ್ಯಾಗ ಹೇಳಾಕ ಬರಲಿಲ್ಲ. ಹಿಂದಿಂದು ಹೇಳಿದ್ರಽ ಮುಂದಿಂದು ತಿಳಿತೈತಿ, ಅದಕ್ಕ ಇಲ್ಲಿ ಬರಿಯಾಕತ್ತೀನಿ.

ಬೆಂಗಳೂರಿನ ಬೀದಿಗೆ ಕರೆಂಟಿನ ದೀಪ ಬಂದದ್ದು 1905ರಾಗ, ಶಿವನಸಮುದ್ರದ ನೀರಿನ ಕರೆಂಟು. ಆಗ ನಮ್ಮ ಕಡೆ ಮುಂಬೈ ಇಲಾಖೆ, ವಿಜಾಪುರ ಜಿಲ್ಲಾ. ನಾವು ಮೈಸೂರು ರಾಜ್ಯಕ್ಕ ಕೂಡಿದ್ದು 1956ರಾಗ, ಮರುವರ್ಷ 1957ಕ್ಕ ರಾಜ್ಯದ ವಿದ್ಯುತ್ ಮಂಡಳಿ ಆತು. ಅದಽ ಮುಂದ ಕೆಇಬಿ. 1999ರಾಗ ಕೆಪಿಟಿಸಿಎಲ್ ಆತು, 2002ರಾಗ ನಮ್ಮ ಭಾಗಕ್ಕ ಹೆಸ್ಕಾಂ ಬಂತು. ಆದ್ರೂ ನಮ್ಮ ಓಣ್ಯಾಗ ಹಿರ್ಯಾರು ಈಗೂ "ಕೆಇಬಿಯವರು ಬಂದಾರ" ಅಂತಾರ.

ನನ್ನ ತವರುಮನಿ ಇಳಕಲ್ಲು. ನಮ್ಮವ್ವ ಚಿಮಣಿ ಬೆಳಕಿನ್ಯಾಗ ಕಂಡಿಕಿ ಸುತ್ತತಿದ್ಲು, ಅಪ್ಪ ಗುಣಿ ಮಗ್ಗದಾಗ ಕುಂತು ನೇಯತಿದ್ದ. ನಾ ನಾಕನೇ ಇಯತ್ತೆ ಇದ್ದಾಗ ಮನಿಗೆ ಕರೆಂಟು ಬಂತು. ಒಂದು ದೀಪ ಮಗ್ಗದ ಮ್ಯಾಲೆ, ಒಂದು ಅಡಗಿ ಮನ್ಯಾಗ. ಪಡಸಾಲಿ ಗ್ವಾಡಿಗೆ ಕರೀ ಡಬ್ಬಿ ಮೀಟರು. ಅದರ ಕನ್ನಡಿಯೊಳಗ ಅಲ್ಯೂಮಿನಿಯಂ ಚಕ್ರ, ಚಕ್ರದ ಅಂಚಿಗೆ ಒಂದು ಗುರುತು. 600 ಸುತ್ತು ತಿರುಗಿದ್ರ ಒಂದು ಯುನಿಟ್.

ನಮ್ಮವ್ವಗ ಅಕ್ಷರ ಬರತಿದ್ದಿಲ್ಲ. ಆದ್ರ ಚಕ್ರ ಓದಾಕ ಬರತಿತ್ತು! ಗುರುತು ಲಗು ಲಗು ಬಂತಂದ್ರ "ಯಾವ ದೀಪ ಬಿಟ್ಟ ಬಂದೀರಿ?" ಅಂತ ಒದರತಿದ್ಲು. ಚಕ್ರ ನಿಂತಿತಂದ್ರ ಎಲ್ಲಾ ಬಂದ್ ಆಗೇತಿ, ಮಲಗಬಹುದು ಅಂತ ಲೆಕ್ಕ.

ಈ ಚಕ್ರಕ್ಕೂ ಒಂದು ಇತಿಹಾಸ ಐತ್ರಿ. 1880ರ ದಶಕದಾಗ ಅಮೆರಿಕಾದ ಎಡಿಸನ್ ಮನಿಮನಿಗೆ ಕರೆಂಟ್ ಮಾರಿದಾಗ ಅವನ ಮೀಟರಿನ್ಯಾಗ ಚಕ್ರನಽ ಇರಲಿಲ್ಲ. ಒಂದು ಬಾಟ್ಲಿ ದ್ರಾವಣದಾಗ ಸತುವಿನ ತಗಡು ಇಡತಿದ್ರು, ಕರೆಂಟ್ ಹರಿದಷ್ಟೂ ಒಂದು ತಗಡಿನ ಸತುವು ಇನ್ನೊಂದಕ್ಕ ಹೋಗಿ ಕೂಡತಿತ್ತು. ತಿಂಗಳಿಗೊಮ್ಮೆ ಆಳು ಬಂದು, ಅಕ್ಕಸಾಲಿಗರು ಬಂಗಾರ ತೂಗಿದಂಗ ಆ ತಗಡು ತೂಗಿ ಬಿಲ್ ಮಾಡತಿದ್ದ. ಮನಿಯಾಕಿಗೆ ಅದರಾಗೇನೂ ತಿಳೀತಿದ್ದಿಲ್ಲ. ಮುಂದ 1889ರಾಗ ಹಂಗೇರಿಯ ಬ್ಲಾಥಿ ಅನ್ನಾವ ತಿರುಗೋ ಚಕ್ರದ ಮೀಟರ್ ಮಾಡಿದ. ಅದು ಬಂದ ಮ್ಯಾಲೆ ಮೀಟರು ಮನಿ ಮಂದಿ ಕಣ್ಣಿಗೆ ಕಾಣೋ ವಸ್ತು ಆತು. ನಮ್ಮವ್ವ ಓದಿದ್ದು ಅದನ್ನಽ.

ಲಗ್ನ ಆಗಿ ನಾ ಬಾಗಲಕೋಟಿಗೆ ಬಂದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಮುಳಗಾಕತ್ತಿ, ನಾವೂ ಗಂಟು ಕಟಗೊಂಡು ನವನಗರಕ್ಕ ಬಂದ್ವಿ. ಆಲಮಟ್ಟಿಯೊಳಗ ಅದಽ ನೀರಿನಿಂದ ಈಗ 290 ಮೆಗಾವ್ಯಾಟ್ ಕರೆಂಟ್ ತೆಗೆಯೋ ಘಟಕ ಅದಾವ. ಕರೆಂಟಿನ ಬೆಲಿ ನಮ್ಮ ಊರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮುಂದ ಚಕ್ರದ ಮೀಟರ್ ಹೋಗಿ ಕೆಂಪು ದೀಪ ಮಿನುಗೋ ಮೀಟರ್ ಬಂತು. ನಮ್ಮದರ ಮ್ಯಾಲೆ 3200 ಅಂತ ಬರದೈತಿ, ಅಂದ್ರ 3200 ಸಲ ಮಿನುಗಿದ್ರ ಒಂದು ಯುನಿಟ್. ಪ್ರತಿ ತಿಂಗಳ ಒಂದನೇ ತಾರೀಖಿಗೆ ಅಂಕಿ ನೋಡಿ ಕ್ಯಾಲೆಂಡರಿನ ಮ್ಯಾಲೆ ಬರಿಯೋ ರೂಢಿ ಮಾಡಿಕೊಂಡೆ.

2023ರ ಜುಲೈದಿಂದ ಗೃಹಜ್ಯೋತಿ ಬಂತು. ಹಿಂದಿನ ವರ್ಷದ ಸರಾಸರಿ ಮ್ಯಾಲೆ ನೂರಕ್ಕ 10 ಕೂಡಿಸಿ, 200 ಯುನಿಟ್ ಒಳಗಿದ್ರ ಅಷ್ಟು ಪುಕ್ಕಟ. 200 ದಾಟಿದ್ರ ಆ ತಿಂಗಳ ಪೂರಾ ಬಿಲ್ ನಾವಽ ಕಟ್ಟಬೇಕು. ನಮ್ಮ ಮನಿಗೆ 160ರ ಸುತ್ತ ಬರತಿತ್ತು. ಒಂದು ಮಳಿಗಾಲದಾಗ ಒಮ್ಮೆಲೆ 214 ಬಂತು. ಮನ್ಯಾಗ ಎಲ್ಲಾರೂ "ಮೀಟರ್ ಕೆಟ್ಟೈತಿ" ಅಂದ್ರು. ನಾ ರಾತ್ರಿ ಫ್ರಿಜ್ ಸುದ್ದಾ ಎಲ್ಲಾ ಬಂದ್ ಮಾಡಿ ಮೀಟರ್ ಮುಂದ ನಿಂತೆ. ಆದ್ರೂ 15 ಸೆಕೆಂಡಿಗೊಮ್ಮೆ ಕೆಂಪು ದೀಪ ಮಿನಗತಿತ್ತು. ಲೆಕ್ಕಾ ಹಾಕಿದೆ: ತಾಸಿಗೆ 240 ಸಲ, ದಿನಕ್ಕ 1.8 ಯುನಿಟ್, ತಿಂಗಳಿಗೆ 54. ಹೆಚ್ಚಿಗಿ ಬಂದದ್ದೂ ಅಷ್ಟಽ! ಮರುದಿನ ವೈರಿಂಗ್ ಮಾಡಾವ ಬಂದು ಬಚ್ಚಲ ಮನಿ ಗ್ವಾಡಿ ಒಡೆದ್ರ, ಒಳಗ ಇಲಿ ಕಡಿದ ವೈರು, ತೊಯ್ದ ಗ್ವಾಡಿಗೆ ಕರೆಂಟ್ ಸೋರಾಕತ್ತಿತ್ತು. ಆ ಗ್ವಾಡಿಗೆ ಕೈ ಹಚ್ಚಿ ಮೊಮ್ಮಗ ದಿನಾ ಜಳಕಾ ಮಾಡತಿದ್ದ. ಇವತ್ತೂ ನೆನಸಿಕೊಂಡ್ರ ಮೈ ಜುಮ್ ಅಂತೈತಿ.

ಸ್ಮಾರ್ಟ್ ಮೀಟರ್ ಇದ್ದಿದ್ರ ನಾ ರಾತ್ರಿ ನಿಂತು ಎಣಿಸೋದಽ ಬ್ಯಾಡಾಗಿತ್ತು. ಅದು 15 ಇಲ್ಲಾ 30 ನಿಮಿಷಕ್ಕೊಮ್ಮೆ ಲೆಕ್ಕ ಇಟ್ಟು ಕಚೇರಿಗೆ ಕಳಸತೈತಿ, ಮೊಬೈಲಿನ್ಯಾಗೂ ನೋಡಬಹುದು. ಎಲ್ಲಾರೂ ಮಲಗಿದ ಎರಡು ಗಂಟೆಕ ಕರೆಂಟ್ ಹೋಗಾಕತ್ತಿದ್ರ ಅಲ್ಲೇ ಸಿಗತೈತಿ. 20ನೇ ತಾರೀಖಿಗಽ "170 ಆತು, ಕೈ ಹಿಡೀರಿ" ಅನ್ನಬಹುದು. ಬಾಗಲಾ ಕೀಲಿ ಇತ್ತು ಅಂತ ಅಂದಾಜು ಬಿಲ್ ಬರೋದು ತಪ್ಪತೈತಿ. ಇದು ಚಲೋ ಬಾಜು.

ಇನ್ನೊಂದು ಬಾಜು ಕೇಳ್ರಿ. ಮೊದಲನೇದು ರೊಕ್ಕ. 2025ರ ಫೆಬ್ರುವರಿಯಿಂದ ಬೆಂಗಳೂರಿನ ಕಡೆ ಹೊಸ ಕನೆಕ್ಷನ್ನಿಗೆ ಈ ಮೀಟರ್ ಕಡ್ಡಾಯ ಮಾಡಿದ್ರು. ಸುಮಾರು ಸಾವಿರ ರೂಪಾಯಿ ಇದ್ದ ಮೀಟರಿಗೆ ಹತ್ತಿರ ಹತ್ತಿರ 5 ಸಾವಿರ. ತಕರಾರು ಹೈಕೋರ್ಟ್ ತನಕ ಹೋತು. ಎರಡನೇದು ತಾಸಿನ ದರ. 2023ರ ಜೂನಿನ್ಯಾಗ ಕೇಂದ್ರ ಸರಕಾರ ನಿಯಮ ತಿದ್ದಿ, ಬಿಸಿಲಿನ ತಾಸಿನ್ಯಾಗ ದರ ಕಡಿಮಿ, ಹೆಚ್ಚು ಬೇಡಿಕಿ ಇರೋ ತಾಸಿನ್ಯಾಗ ಜಾಸ್ತಿ ಅಂತ ದಾರಿ ಮಾಡೇತಿ. ಅದನ್ನ ಠರಾಯಿಸೋದು ರಾಜ್ಯದ ಆಯೋಗ. ನಮ್ಮಂಥವರು ಮಧ್ಯಾಹ್ನ ನೀರಿನ ಮೋಟರ್ ಹಚ್ಚಿ, ಅರಬಿ ಒಗೆದು ಉಳಿಸಬಹುದು. ಹಗಲೆಲ್ಲಾ ನೌಕರಿ ಮಾಡಿ ಸಂಜಿಕ ಮನಿಗೆ ಬರೋ ಹೆಣಮಕ್ಕಳು ಏನು ಮಾಡಬೇಕು? ಮೂರನೇದು ಮನಿ ಗುಟ್ಟು. ಯಾವಾಗ ಎದ್ರು, ಯಾವಾಗ ಮನಿ ಖಾಲಿ ಇತ್ತು ಅನ್ನೋದು ಆ ಲೆಕ್ಕದಾಗ ಕಾಣತೈತಿ. ಇದಽ ಅಂಜಿಕಿಂದ 2009ರಾಗ ನೆದರ್‌ಲ್ಯಾಂಡ್ಸಿನ ಮೇಲ್ಮನಿ ಕಡ್ಡಾಯದ ಕಾನೂನು ಬ್ಯಾಡ ಅಂದಿತ್ತು.

ನನಗ ಇವೆಲ್ಲಾದಕ್ಕಿಂತ ದೊಡ್ಡದು ಬ್ಯಾರೆ ಕಾಣತೈತಿ. ಮೀಟರು ಮಾವನ ಹೆಸರಿಗೆ, ಮೊಬೈಲ್ ನಂಬರ್ ಪುಣೆದಾಗಿರೋ ಮಗಂದು. ಮೊದಲಽ ರೊಕ್ಕ ತುಂಬೋ ಪದ್ಧತಿ ಬಂತಂದ್ರ, "ರೊಕ್ಕ ತೀರೈತಿ" ಅನ್ನೋ ಸಂದೇಶ ಅವಗ ಹೋಗತೈತಿ, ಕತ್ತಲಾಗ ಕುಂದ್ರೋದು ನಾವು. ಎಡಿಸನ್ನನ ಬಾಟ್ಲಿ ಕಾಲಕ್ಕ ಹೊಳ್ಳಿ ಹೋದಂಗ ಆತು: ಲೆಕ್ಕ ಬ್ಯಾರೇದವರ ಕೈಯಾಗ.

ಅದಕ್ಕ ಅಕ್ಕನ ಮಗಳಿಗೆ ಹೇಳಿದೆ: "ಮೀಟರ್ ಹಾಕಿಸ್ಕೋ, ಆದ್ರ ನಂಬರ್ ನಿಂದಽ ಕೊಡು. ಆ್ಯಪ್ ನಿನ್ನ ಮೊಬೈಲಿಗೇ ಹಾಕ್ಕೋ. ಹಾಕಿದ ದಿನ ಹಳೇ ಅಂಕಿ, ಹೊಸಾ ಅಂಕಿ ಎರಡೂ ಫೋಟೋ ತಗಿ. ಕ್ಯಾಲೆಂಡರ್ ಬರಿಯೋದು ಮಾತ್ರ ಬಿಡಬ್ಯಾಡ." ನಕ್ಕೋತ "ಹೂಂ ಚಿಗವ್ವಾ" ಅಂದ್ಲು. ನೀವೂ ಇವತ್ತ ರಾತ್ರಿ ಮಲಗೋ ಮುಂದ ಎಲ್ಲಾ ಬಂದ್ ಮಾಡಿ ಒಮ್ಮೆ ಮೀಟರ್ ಮುಂದ ನಿಂತು ನೋಡ್ರಿ. ದೀಪ ಮಿನುಗಿದ್ರ ನನಗ ಫೋನ್ ಮಾಡ್ರಿ, ಕೂಡಿ ಲೆಕ್ಕಾ ಹಾಕೋಣು.